ನೀಲಗಿರಿಯ ಹುಳುಮನೆ

ಕ್ರೇನಿನ ಕೊಕ್ಕೆಗೆ ಜೋತುಬಿದ್ದ ಕೊನೆಯ ತೊಲೆ ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಎರಡು ಕಂಬಗಳ ತಲೆಯ ಮೇಲೆ ಮೆತ್ತಗೆ ಕೂತಿತು. ಅನಸೂಯ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ನಲವತ್ತೈದು ದಾಟಿದ ಹೆಂಗಸು, ತಲೆಗೆ ಹಳದಿ ಟೋಪಿ, ಕಾಲಿಗೆ ಗಂಡಸರ ಬೂಟು. ನೋಡಲು ಬಂದಿದ್ದ ಅರ್ಧ ಊರು ತೊಲೆಯನ್ನು ಬಿಟ್ಟು ಅವಳನ್ನೇ ನೋಡಿತು. ನೋಡಿದರೆ ನೋಡಲಿ! ಬೆಳಗ್ಗೆ ಬರೀ ಪಾಯ ಇದ್ದ ಜಾಗದಲ್ಲಿ ಹೊತ್ತು ಇಳಿಯುವುದರೊಳಗೆ ರೇಷ್ಮೆ ಹುಳುಮನೆಯ ಕಂಬ, ತೊಲೆ, ಜಂತೆ ಎಲ್ಲ ಎದ್ದು ನಿಂತಿದ್ದವು. ಸಂಜೆ ಬಿಸಿಲು ಬಿದ್ದು ಮರ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಇಂಥ ದಿನ ಶಿಳ್ಳೆ ಹೊಡೆಯದೆ ಇನ್ನು ಯಾವ ದಿನ ಹೊಡೆಯಬೇಕು?

ಪಕ್ಕದ ಜಮೀನಿನ ಮುನಿರಾಮಯ್ಯ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಮುಂದೆ ಬಂದ. ರೇಷ್ಮೆ ಹುಳು ಸಾಕುವುದರಲ್ಲಿ ತಲೆ ನರೆಸಿಕೊಂಡ ಮನುಷ್ಯ.

"ಏನಮ್ಮಾ, ಸೆಂಟ್ರಿಂಗ್ ಚೆನ್ನಾಗಿ ನಿಲ್ಸಿದ್ದೀಯ. ಮೋಲ್ಡ್ ಯಾವತ್ತು? ಊಟ ಗೀಟ ಹಾಕಿಸ್ತೀರೋ ಇಲ್ವೋ?"

ಸುತ್ತ ನಿಂತವರು ನಕ್ಕರು. ಆ ಕಡೆಯಲ್ಲಿ ನೀಲಗಿರಿ ಮರ ಅಂದರೆ ಎರಡೇ ಕೆಲಸಕ್ಕೆ. ಒಂದು ಸೌದೆ, ಇನ್ನೊಂದು ಕಾಂಕ್ರೀಟ್ ಮೋಲ್ಡ್ ಹಾಕುವಾಗ ಕೆಳಗೆ ಆನಿಸುವ ಗೂಟ. ಮೋಲ್ಡ್ ಒಣಗಿದ ಮೇಲೆ ಗೂಟ ಕಿತ್ತು ಎಸೆಯುತ್ತಾರೆ.

"ಮೋಲ್ಡ್ ಇಲ್ಲ ಯಜಮಾನ್ರೇ. ಇದೇ ಮನೆ."

"ಇದೇ ಮನೇನಾ! ಹಂಗಾದ್ರೆ ನಮ್ಮ ಕೊಟ್ಟಿಗೆ ಹಿಂದೆ ಬಿದ್ದಿರೋ ಗೂಟಾನೆಲ್ಲ ಸೇರಿಸಿ ನಂಗೊಂದು ಅರಮನೆ ಕಟ್ಕೊಡು." ಆಮೇಲೆ ಅವನು ನಗು ನಿಲ್ಲಿಸಿ ಹೇಳಿದ. "ನೀಲಗಿರಿ ಮರ, ಅದರ ಮೇಲೆ ಅಂಟಿನ ವಾಸನೆ. ಹುಳ ಮೂಗಿನ ಜಾತಿ ಕಣಮ್ಮ. ಬೀಡಿ ಸೇದ್ದೋನು ಒಳಗೆ ಹೋದ್ರೆ ಸೊಪ್ಪು ಬಿಡ್ತವೆ. ಮೊದ್ಲು ತಿನ್ನಂಗೆ ಮಾಡ್ತವೆ, ನಾಲ್ಕು ದಿನ ತಡಿ. ಬಾಯಿ ಮುಚ್ಕೊಂಡು ಕೂತ್ಬಿಡ್ತವೆ."

ಅನಸೂಯಳಿಗೆ ಬಂದ ಉತ್ತರ ಬೀದಿಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ದೇವೇಂದ್ರ ಅವಳ ಮೊಣಕೈ ಹಿಡಿದು ಆಚೆ ಎಳೆದುಕೊಂಡು ಹೋದ.

ಇವರಿಬ್ಬರೂ ಸೇರಿ ನಡೆಸುವ ಸಂಸ್ಥೆಯ ಹೆಸರು 'ಜಂತೆ'. ದೇವನಹಳ್ಳಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಮಹಡಿ ಮೇಲೆ ಆಫೀಸು, ದೊಡ್ಡಬಳ್ಳಾಪುರದಲ್ಲಿ ವರ್ಕ್‌ಶಾಪು. ನಕ್ಷೆ ಬರೆಯುವುದು ಅನಸೂಯ, ಯಾವ ತೊಲೆ ಎಷ್ಟು ಭಾರ ಹೊರುತ್ತದೆಂದು ಲೆಕ್ಕ ಹಾಕುವುದು ದೇವೇಂದ್ರ. ಅವಳು ಅನುಗೊಂಡನಹಳ್ಳಿಯ ರಾಗಿ ಹೊಲದವರ ಮಗಳು. ಅವನು ದೊಡ್ಡಬಳ್ಳಾಪುರದ ಮಗ್ಗದ ಮನೆಯವನು. ಕಾಲೇಜಿನಲ್ಲಿ ಶುರುವಾದ ಇಬ್ಬರ ಜಗಳ ಇನ್ನೂ ಮುಗಿಯದಿದ್ದುದರಿಂದ ಸಂಸ್ಥೆಯೂ ಮುಚ್ಚಿರಲಿಲ್ಲ.

ಅವರು ಕಟ್ಟುವುದು ಮರದ ಕಟ್ಟಡವೇ. ಆದರೆ ಮರ ಕಡಿದು ಹಾಗೇ ನಿಲ್ಲಿಸುವುದಿಲ್ಲ. ಹಲಗೆ ಸೀಳಿ, ಒಣಗಿಸಿ, ಗಂಟಿರುವ ಜಾಗ ಕತ್ತರಿಸಿ ಎಸೆದು, ತುದಿಗೆ ತುದಿಯನ್ನು ಎರಡು ಕೈಯ ಬೆರಳು ಹೆಣೆದ ಹಾಗೆ ಕೂಡಿಸಿ, ಒಂದರ ಮೇಲೊಂದು ಅಂಟು ಹಚ್ಚಿ ಯಂತ್ರದಲ್ಲಿ ಒತ್ತುತ್ತಾರೆ. ಆಗ ಯಾವ ಮರವೂ ಕೊಡದಷ್ಟು ಉದ್ದದ ತೊಲೆ ಬರುತ್ತದೆ. ಹಲಗೆಗಳನ್ನು ಉದ್ದಕ್ಕೊಂದು ಪದರ, ಅಡ್ಡಕ್ಕೊಂದು ಪದರ ಇಟ್ಟು ಒತ್ತಿದರೆ ಇಡೀ ಗೋಡೆಯೇ ತಯಾರು. ಲಾರಿಯಲ್ಲಿ ತಂದು ಬೋಲ್ಟು ಬಿಗಿದರೆ ಆಯಿತು.

ಇಷ್ಟು ವರ್ಷ ಅವರು ಕಟ್ಟಿದ್ದೆಲ್ಲ ರೆಸಾರ್ಟಿನ ಕಾಟೇಜು, ಏರ್‌ಪೋರ್ಟ್ ರಸ್ತೆಯ ಹೋಟೆಲು. ಮರವೋ, ಹಡಗಿನಲ್ಲಿ ಬರಬೇಕು. "ಸುತ್ತ ಇಷ್ಟೊಂದು ನೀಲಗಿರಿ ಇಟ್ಕೊಂಡು ಬಂದರಿನ ಕಡೆ ಬಾಯಿ ಬಿಟ್ಕೊಂಡು ನೋಡ್ತೀವಲ್ಲೋ, ನಾಚಿಕೆ ಆಗಲ್ವಾ?" ಎಂದು ಅನಸೂಯ ದೇವೇಂದ್ರನ ತಲೆ ತಿನ್ನುತ್ತಿದ್ದಳು. ನೀಲಗಿರಿ ಒಣಗುವಾಗ ತಿರುಚಿಕೊಳ್ಳುತ್ತದೆ, ಸೀಳುತ್ತದೆ, ಬಾಗುತ್ತದೆ. ಅವಳಷ್ಟೇ ಹಟಮಾರಿ ಮರ. ಯಂತ್ರದಲ್ಲಿ ಭಾರ ಹೇರಿ ಪರೀಕ್ಷಿಸುವಾಗ ಮುರಿದ ತೊಲೆಗಳಿಂದ ವರ್ಕ್‌ಶಾಪಿನವರ ಮನೆಗಳಲ್ಲಿ ನೀರೊಲೆ ಉರಿಯಿತು. ಕೊನೆಗೊಂದು ದಿನ ತೊಲೆ ಮುರಿಯಲಿಲ್ಲ. ಮುರಿಯುವ ಯಂತ್ರವೇ ಕಿರುಗುಟ್ಟಿತು! ಆವತ್ತು ದೇವೇಂದ್ರ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದ. ಅದು ಅವನ ಮಟ್ಟಿಗೆ ಕುಣಿದಾಡಿದ ಹಾಗೆ.

ಆದರೆ ಆ ತೊಲೆ ಹಾಕಿಸಿಕೊಳ್ಳುವ ಧೈರ್ಯ ಯಾರಿಗಿದೆ? ವಿಜಯಪುರ ದಾಟಿ ಸಿಗುವ ಚಿಕ್ಕಗುಟ್ಟೇನಹಳ್ಳಿಯ ವರಲಕ್ಷ್ಮಮ್ಮ ಮತ್ತು ಬೈರಪ್ಪ ಮೇಲಿನ ಹೊಲದ ನೀಲಗಿರಿ ತೆಗೆಸಿ ಹಿಪ್ಪುನೇರಳೆ ಹಾಕುತ್ತಿದ್ದರು. ಹುಳು ಸಾಕಲು ಹೊಸ ಮನೆಯೂ ಬೇಕಾಗಿತ್ತು. "ನಿಮ್ಮ ಮರದಲ್ಲೇ ನಿಮ್ಮ ಹುಳುಮನೆ ಕಟ್ತೀನಿ, ಬೇಸಿಗೇಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗಿರುತ್ತೆ" ಎಂದು ಅನಸೂಯ ಹೋಗಿ ಕೂತಳು. ಬೈರಪ್ಪ ಮೊದಲ ದಿನವೇ ಹೂಂ ಅಂದ. ಅವನು ಯಾವುದಕ್ಕೂ ಹೂಂ ಅನ್ನುವವನು. ವರಲಕ್ಷ್ಮಮ್ಮನನ್ನು ಒಪ್ಪಿಸುವಷ್ಟರಲ್ಲಿ ಅನಸೂಯಳ ಗಂಟಲು ಕಟ್ಟಿತು.

ಮುನಿರಾಮಯ್ಯ ಅಂದ ಮಾತು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಈ ಸೀಮೆಯಲ್ಲಿ ಹುಳುಮನೆಯ ಸುದ್ದಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಅಲ್ಲಿಂದ ಹತ್ತೂರಿಗೆ ಹರಡುತ್ತದೆ. ಈ ಹುಳು ಒಪ್ಪಿದರೆ ನೀಲಗಿರಿ ತೊಲೆಗೆ ದಾರಿ ತೆರೆಯಿತು. ಒಪ್ಪದಿದ್ದರೆ ಅದು ಮತ್ತೆ ಗೂಟವೇ, ಅವಳು ಮತ್ತೆ ರೆಸಾರ್ಟಿನ ಕಾಟೇಜಿಗೆ.

ಗೋಡೆ, ಮಾಡು ಎಲ್ಲ ಕೂತ ಮೇಲೆ ಬೀಗದ ಕೈ ಕೊಟ್ಟು ಹೋಗಿದ್ದರು. ಹುಳು ಬರುವ ಹಿಂದಿನ ದಿನ ಅನಸೂಯ ಒಂದು ಸಲ ಕಣ್ಣು ತುಂಬ ನೋಡೋಣವೆಂದು ಬಂದಳು. ಬಾಗಿಲು ತೆಗೆದವಳು ಕಿಟ್ಟನೆ ಕಿರುಚಿದಳು. ಎಡಗಡೆ ಗೋಡೆ ಪೂರ್ತಿ ಬೆಳ್ಳಗಿತ್ತು. ವರಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನಿಗೆ ಔಷಧಿ ಹೊಡೆಯುವ ಟ್ಯಾಂಕು ಕಟ್ಟಿಕೊಂಡು ಎರಡನೇ ಗೋಡೆಯ ಕಡೆ ತಿರುಗಿದ್ದಳು.

"ಏನ್ ಹೊಡೀತಿದ್ದೀರ!"

"ಸುಣ್ಣದ ನೀರು, ಬ್ಲೀಚಿಂಗ್ ಪೌಡ್ರು."

"ಮರಕ್ಕೆ ಯಾರಾದ್ರೂ ಸುಣ್ಣ ಹೊಡೀತಾರೇನ್ರೀ?"

"ಹುಳುಮನೆಗೆ ಸುಣ್ಣ ಹೊಡೀದೆ ಸ್ನೋ ಹಚ್ತಾರಾ? ಪ್ರತಿ ಬೆಳೆಗೂ ಮುಂಚೆ ತೊಳೀಬೇಕು, ಹೊಡೀಬೇಕು. ನಮ್ಮತ್ತೆ ಕಾಲದಿಂದ ಮಾಡ್ತಿದ್ದೀವಿ."

"ನಿಮ್ಮತ್ತೆ ಕಾಲದಲ್ಲಿ ಈ ಗೋಡೆ ಇತ್ತಾ? ಇದಕ್ಕೆ ಒರೆಸೋ ಔಷಧಿ ಬೇರೆ ಕೊಟ್ಟಿದ್ದೀನಿ, ಬಟ್ಟೇಲಿ ಒರೆಸಿ ಅಂತ ಬಾಯಿ ಬಡ್ಕೊಂಡಿದ್ದೀನಿ!"

"ಒರೆಸೋಕೆ ಇದೇನು ಹುಟ್ಟಿದ ಮಗೂನಾ?" ವರಲಕ್ಷ್ಮಮ್ಮ ಟ್ಯಾಂಕು ಕೆಳಗಿಟ್ಟಳು. "ನೋಡಮ್ಮ, ನಿಂಗೆ ನಿನ್ನ ಗೋಡೆ ಚೆಂದ ಕಾಣ್ಬೇಕು. ನಂಗೆ ನನ್ನ ಹುಳ ಬದುಕ್ಬೇಕು. ಮುನಿರಾಮಣ್ಣ ಊರೆಲ್ಲ ಹೇಳ್ಕೊಂಡು ತಿರುಗ್ತಾವ್ನೆ, ನೀಲಗಿರಿ ವಾಸನೆಗೆ ಹುಳ ಸಾಯ್ತವೆ ಅಂತ."

ಅನಸೂಯಳ ಸಿಟ್ಟು ನೆತ್ತಿಗೇರಿತು. "ಸತ್ರೆ ಈ ಮನೇನ ನಾನೇ ಬಿಚ್ಕೊಂಡು ಹೋಗ್ತೀನಿ! ಬೋಲ್ಟಲ್ಲಿ ನಿಂತಿರೋ ಮನೆ. ಒಂದು ಹುಳ ನನ್ನ ಮನೇಲಿ ಕಾಯಿಲೆ ಬಿತ್ತು ಅಂತ ಗೊತ್ತಾದ ದಿನವೇ ಬಂದು ಪೂರ್ತಿ ಬಿಚ್ತೀನಿ. ನಿಮ್ಮಿಂದ ಕರೆಸಿಕೊಳ್ಳೋದೂ ಇಲ್ಲ."

"ಮಾತು ಆಡ್ದೆ, ಉಳಿಸ್ಕೋ."

"ಉಳಿಸ್ಕೊಳ್ತೀನಿ."

ಬಾಗಿಲಲ್ಲಿ ನಿಂತಿದ್ದ ಬೈರಪ್ಪ ಇಬ್ಬರ ಮಾತಿಗೂ ಹೂಂ ಅಂದ. ಉಳಿದ ಮೂರು ಗೋಡೆಯನ್ನು ಬಟ್ಟೆಯಲ್ಲಿ ಒರೆಸುವುದೆಂದು ತೀರ್ಮಾನವಾಯಿತು.

ಮಾರನೇ ದಿನ, ಮೊಟ್ಟೆಯೊಡೆದ ಹುಳುಗಳನ್ನು ಮೊದಲ ಕೆಲವು ದಿನ ಸಾಕಿಕೊಡುವ ಚಾಕಿ ಕೇಂದ್ರದಿಂದ ಮರಿಹುಳು ಬಂದವು. ಎರಡು ದಿನ ಅನಸೂಯ ಫೋನು ಕೈಯಿಂದ ಕೆಳಗಿಡಲಿಲ್ಲ. "ತಿಂತಾ ಅವಾ?" ಎಂದರೆ "ತಿಂತಾ ಅವೆ" ಎಂದು ವರಲಕ್ಷ್ಮಮ್ಮ. "ಚೆನ್ನಾಗಿ ತಿಂತಾ ಅವಾ?" ಎಂದರೆ "ಈಗ್ಲೇ ಏನೂ ಹೇಳಕ್ಕಾಗಲ್ಲ, ಫೋನಿಡು." ಅಷ್ಟಕ್ಕೇ ಅನಸೂಯ ಆಫೀಸಿನಲ್ಲಿ ಮೇಜು ಕುಟ್ಟಿ ಕುಣಿದಳು. ಹೊಸ ಹುಳುಮನೆಯ ನಕ್ಷೆಯೊಂದನ್ನು ಯಾರೂ ಕೇಳದಿದ್ದರೂ ಬರೆಯತೊಡಗಿದಳು. ದೇವೇಂದ್ರ ನೋಡಿಯೂ ನೋಡದವನಂತೆ ಅದಕ್ಕೆ ತೊಲೆಯ ಲೆಕ್ಕ ಹಾಕಿದ.

ನಾಲ್ಕನೇ ದಿನ ಬೆಳಗ್ಗೆ ಬೈರಪ್ಪನೇ ಫೋನು ಮಾಡಿದ. ಜನ್ಮದಲ್ಲಿ ತಾನಾಗಿ ಫೋನು ಮಾಡುವವನಲ್ಲ. ಅನಸೂಯ ವರ್ಕ್‌ಶಾಪಿನಲ್ಲಿದ್ದಳು. ಹಿಂದೆ ಗರಗಸದ ಸದ್ದು, ಆ ಕಡೆ ಸಿಗ್ನಲ್ ಕಟ್ ಕಟ್.

"ಮೇಡಮ್ಮಾ, ಹುಳಕ್ಕೆ ಜ್ವರ ಬಂತು!"

ಅನಸೂಯ ಗರಗಸದ ಸದ್ದಿನಿಂದ ಆಚೆ ಓಡಿದಳು. "ಏನು? ಜ್ವರಾನಾ?"

"ಹೂಂ! ರಾತ್ರಿಯಿಂದ. ಸೊಪ್ಪು ಮುಟ್ಟಿಲ್ಲ. ಎಲ್ಲಾ ತಲೆ ಎತ್ಕೊಂಡು ಅಲ್ಲಾಡ್ದಂಗೆ ಕೂತವೆ."

"ಎಷ್ಟಕ್ಕೆ ಬಂದಿದೆ?"

"ಎಲ್ಲಕ್ಕೂ! ಒಂದೇ ಸಲಕ್ಕೆ! ಒಂದನ್ನೂ ಬಿಟ್ಟಿಲ್ಲ!" ಬೈರಪ್ಪ ನಗುತ್ತಿದ್ದ. ಹೌದು, ನಗುತ್ತಲೇ ಇದ್ದ. "ನಿಮ್ಮ ಮನೆ ಗುಣ ನೋಡಿ! ಬನ್ನಿ, ಬಂದು ನೋಡಿ..." ಫೋನು ಸತ್ತಿತು.

ಅನಸೂಯಳ ಮುಖ ಬಿಳುಚಿಕೊಂಡಿತು, ಮರುಕ್ಷಣ ಕೆಂಪಾಯಿತು. ಹುಳು ಹೋದದ್ದು ಒಂದು ಕಡೆಗಿರಲಿ, ಆ ಬಾಯಿಲ್ಲದ ಮನುಷ್ಯ ಕೂಡ ಆಡಿಕೊಂಡು ನಕ್ಕನಲ್ಲ!

"ಲೋ ದೇವೇಂದ್ರ, ಹುಳಕ್ಕೆಲ್ಲ ಜ್ವರ ಬಂದಿದೆಯಂತೆ."

"ಹುಳಕ್ಕೂ ಜ್ವರ ಬರುತ್ತಾ?"

"ನೀನು ತಾನೇ ರೇಷ್ಮೆ ಮನೆಯವನು, ನನ್ನನ್ನ ಕೇಳ್ತೀಯಲ್ಲ!"

"ನಾವು ನೂಲು ಮುಟ್ಟೋರು ಕಣೇ. ಹುಳ ನಮ್ಮಪ್ಪನೂ ನೋಡಿಲ್ಲ, ನಮ್ಮ ತಾತನೂ ನೋಡಿಲ್ಲ. ಸ್ವಲ್ಪ ಇರು, ಇನ್ನೊಂದ್ಸಲ ಫೋನ್ ಮಾಡಿ ಕೇಳೋಣ."

"ಕೇಳೋದೇನು? ನಾಲ್ಕು ದಿನ ತಡಿ ಅಂದಿದ್ದ ಮುನಿರಾಮಯ್ಯ. ನಾಲ್ಕನೇ ದಿನಕ್ಕೆ ಬಂತು. ಮಾತು ಕೊಟ್ಟಿದ್ದೀನಿ. ಸ್ಪ್ಯಾನರ್ ತಗೊಳ್ರೋ, ಹತ್ರೋ ಗಾಡೀನ!"

ದೊಡ್ಡಬಳ್ಳಾಪುರದಿಂದ ದೇವನಹಳ್ಳಿ, ಅಲ್ಲಿಂದ ವಿಜಯಪುರ. ದಾರಿಯುದ್ದಕ್ಕೂ ಅನಸೂಯ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನೆ ಕೂತದ್ದನ್ನು ದೇವೇಂದ್ರ ಅದೇ ಮೊದಲು ನೋಡಿದ್ದು. ಹಿಂದಿನ ಸೀಟಿನಲ್ಲಿದ್ದ ಮಂಜೇಶ್, ಬೋಲ್ಟು ಬಿಗಿಯುವ ತಂಡದ ಮೇಸ್ತ್ರಿ, ಕೇಳಿಯೂ ಕೇಳದಂತೆ ಗೊಣಗಿದ. "ಬಿಗಿದಿದ್ದು ಮೊನ್ನೆ, ಬಿಚ್ಚೋದು ಇವತ್ತು. ಮದುವೆಗಳೂ ಇದಕ್ಕಿಂತ ಜಾಸ್ತಿ ದಿನ ಬಾಳ್ತವೆ."

ಹುಳುಮನೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಗಂಡ ಹೆಂಡತಿ ಸೊಪ್ಪಿನ ತೋಟದಲ್ಲಿರಬೇಕು. ಅನಸೂಯ ಬಾಗಿಲನ್ನು ಸ್ವಲ್ಪವೇ ಸರಿಸಿ ನೋಡಿದಳು. ಒಳಗೆ ಮಂದ ಬೆಳಕು. ಸಾಲು ಸಾಲು ಅಟ್ಟಣಿಗೆಗಳ ಮೇಲೆ ಒಣಗಿ ಮುದುರಿದ ಸೊಪ್ಪು. ಸೊಪ್ಪಿನ ಮೇಲೆ ಹುಳುಗಳು, ಸಾವಿರ ಸಾವಿರ, ತಲೆ ಮೇಲೆತ್ತಿ ಕಲ್ಲಿನ ಹಾಗೆ ಕೂತಿದ್ದವು. ಒಂದೂ ಮಿಸುಕುತ್ತಿರಲಿಲ್ಲ. ಅವುಗಳ ಮೇಲೆಲ್ಲ ಬಿಳೀ ಸುಣ್ಣದ ಪುಡಿ ಉದುರಿಸಿದ್ದರು. ಸತ್ತ ದನದ ಗುಂಡಿಗೆ ಸುಣ್ಣ ಸುರಿಯುವುದನ್ನು ಅವಳು ಕಂಡಿದ್ದಳು. ಬಾಗಿಲು ಮುಚ್ಚಿದಳು.

"ಬಿಚ್ಚೋ ಮಂಜೇಶ. ಪೂರ್ವದ ಕಡೆ ಜಾಲರಿ ಚೌಕಟ್ಟಿಂದ ಶುರು ಮಾಡು."

"ಅಮ್ಮಾ, ಮನೆಯೋರು ಬರ್ಲಿ..."

"ಬಿಚ್ಚೋ ಅಂದೆ!"

ಮಂಜೇಶ್ ಏಣಿ ಹತ್ತಿದ. ಸ್ಪ್ಯಾನರು ಕಟಕಟ ಅಂದಿತು. ಮರದ ಗೋಡೆ ತಮಟೆಯ ಹಾಗೆ ಆ ಸದ್ದನ್ನು ಒಳಕ್ಕೆಲ್ಲ ಹಂಚಿತು. ಮೊದಲ ಚೌಕಟ್ಟು ಅದಕ್ಕೆ ಕಟ್ಟಿದ್ದ ಪರದೆಯ ಸಮೇತ ಕೆಳಗಿಳಿಯಿತು, ಗಾಳಿಯೂ ಬಿಸಿಲೂ ಒಟ್ಟಿಗೇ ಒಳಗೆ ನುಗ್ಗಿದವು. ಎರಡನೆಯದಕ್ಕೆ ಸ್ಪ್ಯಾನರು ಹಾಕುವಷ್ಟರಲ್ಲಿ ತೋಟದ ಕಡೆಯಿಂದ ಒಂದು ಕೂಗು ಬಂತು. ಕೈಯಲ್ಲಿ ಕುಡುಗೋಲು ಹಿಡಿದು ವರಲಕ್ಷ್ಮಮ್ಮ ಬದುವಿನ ಮೇಲೆ ಓಡಿಬರುತ್ತಿದ್ದಳು. ಹಿಂದೆ ಸೊಪ್ಪಿನ ಹೊರೆ ಹೊತ್ತ ಬೈರಪ್ಪ. ಮಂಜೇಶ್ ಕುಡುಗೋಲು ನೋಡಿ ಏಣಿಯ ಮೇಲೇ ಉಳಿದ.

"ಯಾವನೋ ಅವ್ನು! ನಿಲ್ಸೋ ಸದ್ದು! ಏನ್ ಮಾಡ್ತಿದ್ದೀಯಮ್ಮಾ ನೀನು?"

"ಮಾತು ಕೊಟ್ಟಿದ್ನಲ್ಲ, ನಡೆಸ್ತಿದ್ದೀನಿ! ನಿಮ್ಮ ಹುಳಕ್ಕೆ ಜ್ವರ ಬಂದಿದೆ ಅಂತ ನಿಮ್ಮ ಯಜಮಾನ್ರೇ ನಕ್ಕೊಂಡು ಹೇಳಿದ್ರು. ಬಿಚ್ಕೊಂಡು ಹೋಗ್ತೀನಿ, ಆಯ್ತಾ? ಊರೆಲ್ಲ ಕರೆದು ತೋರಿಸಿ!"

ವರಲಕ್ಷ್ಮಮ್ಮ ಕುಡುಗೋಲು ಕೆಳಗಿಳಿಸಿದಳು. ಗಂಡನ ಕಡೆ ನೋಡಿದಳು.

"ಬಂದೈತಲ್ಲ," ಅಂದ ಬೈರಪ್ಪ, ಹೊರೆ ಇಳಿಸುತ್ತ. "ಮೂರನೇ ಜ್ವರ."

"ಮೂರನೇದಾ! ಇದಕ್ಕೆ ಮುಂಚೆ ಎರಡು ಸಲ ಬಂದಿತ್ತಾ?"

"ಚಾಕೀಲೇ ಎರಡು ಜ್ವರ ಆಗಿರ್ತದೆ. ಇದು ಮೂರು, ಆಮೇಲೆ ನಾಲ್ಕು. ನಾಲ್ಕು ಜ್ವರ ಆಗ್ದೆ ಹುಳ ಗೂಡು ಕಟ್ತದಾ?" ಇಷ್ಟು ಉದ್ದದ ಮಾತಿಗೆ ಬೈರಪ್ಪನಿಗೇ ಏದುಸಿರು ಬಂತು. "ಪೊರೆ ಬಿಡೋಕೆ ಮಲಗ್ತವೆ. ಹಳೇ ಚರ್ಮ ಕಳಚ್ಕೊಂಡು ಏಳ್ತವೆ."

ದೇವೇಂದ್ರ ಹಣೆ ಚಚ್ಚಿಕೊಂಡ. "ಅನಸೂಯ, ಮೌಲ್ಟ್! ಮೌಲ್ಟ್ ಕಣೇ! ನೀನೇ ನಕ್ಷೆ ಮೇಲೆ ಬರೆದಿದ್ದೆಯಲ್ಲ, ಮೌಲ್ಟ್ ಆಗೋವಾಗ ಗಾಳಿ ಹೀಗೆ ಆಡ್ಬೇಕು ಅಂತ!"

"ಮೋಲ್ಡೂ ಇಲ್ಲ ಗೀಲ್ಡೂ ಇಲ್ಲ," ಅಂದ ಬೈರಪ್ಪ. "ಜ್ವರ."

ರೇಷ್ಮೆ ಇಲಾಖೆಯ ಪುಸ್ತಕವನ್ನು ಅನಸೂಯ ಗೆರೆ ಹಾಕಿ ಹಾಕಿ ಓದಿದ್ದಳು. ಇಂಗ್ಲಿಷಿನಲ್ಲಿ ಮೌಲ್ಟ್ ಎಂದಿದ್ದ ಆ ಸಂಗತಿಗೆ ತನ್ನ ಜಿಲ್ಲೆಯಲ್ಲೇ, ತನ್ನ ಭಾಷೆಯಲ್ಲೇ ಜ್ವರ ಎನ್ನುತ್ತಾರೆಂದು ಯಾವ ಪುಟದಲ್ಲೂ ಬರೆದಿರಲಿಲ್ಲ. ತಾನು ಬೆಳೆದ ರಾಗಿ ಹೊಲದಲ್ಲೂ ಯಾರೂ ಹೇಳಿರಲಿಲ್ಲ.

"ಮತ್ತೆ ಆ ಸುಣ್ಣ?"

"ಮಲಗಿದಾಗ ಹಾಸಿಗೆ ಒಣಗಿರ್ಬೇಕು. ಅದಕ್ಕೆ ಉದುರಿಸ್ತೀವಿ."

"ಮತ್ತೆ ನಗ್ತಾ ಇದ್ರಲ್ಲ ನೀವು!"

"ನಗ್ದೆ? ನಮ್ಮ ಹಳೇ ಮನೇಲಿ ಒಂದು ಮೂಲೆ ಇವತ್ತು ಮಲಗಿದ್ರೆ ಇನ್ನೊಂದು ಮೂಲೆ ನಾಳೆ ಮಲಗೋದು. ಇಲ್ಲಿ ಎಲ್ಲಾ ಒಂದೇ ಸಲ ಮಲಗ್ಕೊಂಡವೆ. ಎಲ್ಲಾ ಮೂಲೆಗೂ ಒಂದೇ ಹವಾ. ನನ್ನ ಆಯಸ್ಸಲ್ಲೇ ನೋಡಿಲ್ಲ."

ಅನಸೂಯ ಕಲ್ಲಿನ ಮೇಲೆ ಕುಕ್ಕರಿಸಿದಳು. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಬಂದ ನಗು ವರಲಕ್ಷ್ಮಮ್ಮನ ಮುಖ ನೋಡಿ ಅರ್ಧಕ್ಕೇ ನಿಂತಿತು. ಅವಳು ನಗುತ್ತಿರಲಿಲ್ಲ. ತೆರೆದ ಚೌಕಟ್ಟಿನಿಂದ ಒಳಗೆ ಬಿದ್ದ ಬಿಸಿಲನ್ನು ನೋಡುತ್ತಿದ್ದಳು.

"ಜ್ವರದಲ್ಲಿರೋ ಹುಳಾನ ಅಲ್ಲಾಡಿಸ್ಬಾರ್ದು ಕಣಮ್ಮ. ಗಾಳಿ ನುಗ್ಗಬಾರ್ದು. ಅರ್ಧ ಎದ್ದು ಅರ್ಧ ಮಲಗಿದ್ರೆ, ಪೊರೆ ಅರ್ಧಕ್ಕೆ ಸಿಕ್ಕಾಕ್ಕೊಂಡ್ರೆ, ಬೆಳೆ ಕೆಡ್ತು. ನಿನ್ನ ಮನೆ ನನ್ನ ಹುಳಾನ ಕೊಲ್ಲಲಿಲ್ಲ. ನಿನ್ನ ಸಿಟ್ಟು ಕೊಲ್ಲದಿದ್ರೆ ಸಾಕು."

ಅನಸೂಯ ಎದ್ದು ಚೌಕಟ್ಟನ್ನು ಎತ್ತಿ ಹಿಡಿದಳು. ಬೋಲ್ಟನ್ನು ಕೈಬೆರಳಲ್ಲೇ, ಸದ್ದಿಲ್ಲದೆ, ಉಸಿರು ಬಿಗಿಹಿಡಿದು ವಾಪಸು ಹಾಕಿದರು. ಕೊನೆಯ ಸುತ್ತು ಬಿಗಿಯುವಾಗ ಮಂಜೇಶ್ ಸ್ಪ್ಯಾನರಿಗೆ ಬಟ್ಟೆ ಸುತ್ತಿದ. "ನಾಳೆ ಬೆಳಗ್ಗೆ ಏಳ್ಬೇಕು," ಅಂದಳು ವರಲಕ್ಷ್ಮಮ್ಮ. "ಅಲ್ಲೀವರೆಗೂ ನಿನ್ನ ಮುಖ ತೋರಿಸ್ಬೇಡ."

ಮಾರನೇ ಬೆಳಗ್ಗೆ ಹುಳುಮನೆಯ ಮುಂದೆ ಗಾಡಿ ನಿಂತಾಗ ಅಂಗಳದಲ್ಲಿ ಆಗಲೇ ನಾಲ್ಕೈದು ಮಂದಿ ಸೇರಿದ್ದರು. ಸ್ಪ್ಯಾನರಿನ ಸುದ್ದಿ ಊರು ಸುತ್ತಿತ್ತು. ಮುನಿರಾಮಯ್ಯನೂ ಬಂದಿದ್ದ. ಅನಸೂಯ ಬೂಟು ಬಿಚ್ಚಿ, ಕೈ ಕಾಲು ತೊಳೆದು, ಬಾಗಿಲ ಬಳಿ ನಿಂತಳು. ವರಲಕ್ಷ್ಮಮ್ಮ ಒಳಗೆ ಬಾ ಎಂದು ತಲೆ ಆಡಿಸಿದಳು.

ಹುಳುಗಳ ತಲೆಗಳು ಕೆಳಗಿಳಿದಿದ್ದವು. ಬಣ್ಣ ಮಂಕಾಗಿತ್ತು. ಪಕ್ಕದಲ್ಲಿ ತರಗಿನಂಥ ಸಣ್ಣ ಸಣ್ಣ ಪೊರೆಗಳು ಬಿದ್ದಿದ್ದವು. ವರಲಕ್ಷ್ಮಮ್ಮ ಒಂದು ಅಟ್ಟಣಿಗೆ ನೋಡಿದಳು, ಬಗ್ಗಿ ಅದರ ಕೆಳಗಿನದನ್ನು ನೋಡಿದಳು, ಪೂರ್ವದ ಮೂಲೆಗೆ ಹೋಗಿ ತುಂಬ ಹೊತ್ತು ನೋಡಿದಳು. ಅನಸೂಯ ದೇವೇಂದ್ರನ ತೋಳಿಗೆ ಉಗುರು ಇಳಿಸಿದ್ದಳು. ಅವನು ಹಲ್ಲು ಕಚ್ಚಿ ತಡೆದುಕೊಂಡ.

"ಸೊಪ್ಪು ತಾರಯ್ಯ," ಅಂದಳು ವರಲಕ್ಷ್ಮಮ್ಮ.

ಬೈರಪ್ಪ ಎಳೆ ರೆಂಬೆಗಳನ್ನು ಹಾಸಿಗೆಯ ಮೇಲೆ ಮೆಲ್ಲಗೆ ಇಟ್ಟುಕೊಂಡು ಹೋದ. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ಆಮೇಲೆ ಒಂದು ಹುಳು ಎಲೆಯ ಅಂಚಿಗೆ ತೆವಳಿ ತಲೆ ಕುಣಿಸಿತು. ಪಕ್ಕದ್ದು ಏರಿತು. ಪೂರ್ವದ ಮೂಲೆಯಲ್ಲಿ ಎಲೆಗಳು ತಾವಾಗಿಯೇ ಅಲ್ಲಾಡತೊಡಗಿದವು. ಹಾಗೇ ಸಾಲಿನಿಂದ ಸಾಲಿಗೆ ಒಂದು ಸದ್ದು ಹಬ್ಬಿತು. ನೂರು ಹೆಂಗಸರು ಒಟ್ಟಿಗೆ ಮೊರದಲ್ಲಿ ರಾಗಿ ಕೇರುವ ಹಾಗೆ ಸರಸರ ಸರಸರ. ಮರದ ಗೋಡೆ ಅದನ್ನು ಹಿಡಿದುಕೊಂಡಿತು, ತೊಲೆ ಹಿಡಿದುಕೊಂಡಿತು. ಇಡೀ ಮನೆ ಅಗಿಯುತ್ತಿತ್ತು! ಅನಸೂಯ ಕಂಬಕ್ಕೆ ಕಿವಿ ಒತ್ತಿ ನಿಂತಳು. ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ಎಲ್ಲಿ ಮತ್ತೆ ಕೂಗಿಬಿಡುತ್ತೇನೋ ಎಂದು.

"ಒಟ್ಟಿಗೆ ಎದ್ದವೆ," ಅಂದಳು ವರಲಕ್ಷ್ಮಮ್ಮ. "ಒಂದೂ ಹಿಂದೆ ಬಿದ್ದಿಲ್ಲ. ನೀನು ಅಷ್ಟೆಲ್ಲ ಕುಟ್ಟಿದ್ರೂನೂ."

ಬಾಗಿಲಿನಿಂದ ಇಣುಕಿದ ಮುನಿರಾಮಯ್ಯ ಮೂಗು ಅರಳಿಸಿ ಗಾಳಿ ಎಳೆದ. ಒಂದು ಸಲ, ಇನ್ನೊಂದು ಸಲ. "ಸೊಪ್ಪಿನ ವಾಸನೆ ಬಿಟ್ಟು ಏನೂ ಬರ್ತಿಲ್ವಲ್ಲೇ," ಅಂದ, ಮೋಸ ಹೋದವನ ಹಾಗೆ.

"ನಿನ್ನ ಬೀಡಿ ವಾಸನೆ ಬರ್ತೈತೆ, ಆಚೆ ಹೋಗಣ್ಣ!" ಎಂದು ಗದರಿದಳು ವರಲಕ್ಷ್ಮಮ್ಮ.

ಹೊರಗೆ ಬಂದ ಮೇಲೆ ವರಲಕ್ಷ್ಮಮ್ಮ ಪಶ್ಚಿಮದ ಗೋಡೆಯ ಮುಂದಿನ ಖಾಲಿ ಜಾಗವನ್ನು ನೋಡುತ್ತ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಬೋಲ್ಟಲ್ಲಿ ನಿಂತಿರೋ ಮನೆ ಅಂದ್ಯಲ್ಲ. ಬಿಚ್ಚೋಕೆ ಬರೋದಾದ್ರೆ ಸೇರಿಸೋಕೂ ಬರ್ತದಾ?"

"ಏನು ಸೇರಿಸೋಕೆ?"

"ಇನ್ನೆರಡು ಅಂಕಣ. ಈ ಸೊಪ್ಪಿಗೆ ಈ ಮನೆ ಸಾಲಲ್ಲ. ನಾಲ್ಕನೇ ಜ್ವರ ಮುಗಿದು ಗೂಡು ಬಿಡಿಸೋವರೆಗೂ ಒಂದು ಮೊಳೆ ಮುಟ್ಟಬೇಡ. ಆಮೇಲೆ ಬಾ."

ಅವಳ ಮಾತು ಮುಗಿಯುವ ಮುಂಚೆ ಅನಸೂಯ ಬರಿಗಾಲಲ್ಲೇ ಜಾಗ ಅಳೆಯಲು ಹೊರಟಿದ್ದಳು, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ, ಕೈ ಬೀಸುತ್ತ. "ದೇವೇಂದ್ರ, ಇಲ್ಲಿ ಕಂಬ! ಇಲ್ಲೊಂದು! ವರ್ಕ್‌ಶಾಪಿಗೆ ಫೋನ್ ಹಾಕೋ, ಹಲಗೆ ಒಣಗಿಸೋಕೆ ಹೇಳೋ, ಈಗ್ಲೇ ಹೇಳೋ!"

"ಮೆತ್ತಗೆ ಕಣಮ್ಮಾ, ಮೆತ್ತಗೆ!" ವರಲಕ್ಷ್ಮಮ್ಮ ಅವಳಿಗಿಂತ ಜೋರಾಗಿ ಕೂಗಿದಳು. "ಹುಳ ಊಟ ಮಾಡ್ತಾವೆ!"